ಬೀದರಿನ ಹೂವು ಯಾರದು?

ಕಳೆದ ರಜೆಯಲ್ಲಿ ಬೀದರಿಗೆ ಹೋಗಿದ್ದೆವು. ಕರಾವಳಿಯವರಾದ ನಮಗೆ ಅದು ರಾಜ್ಯದ ಇನ್ನೊಂದು ತುದಿ. ಮದ್ರಸದಲ್ಲಿ ಕಲಿತು, ಈಗ ಮಕ್ಕಳಿಗೆ ಕಲಿಸುತ್ತಿರುವ ನನಗೆ ಮಹ್ಮೂದ್ ಗವಾನರ ಮದ್ರಸವನ್ನು ನೋಡುವ ಆಸೆ. ಪಿಯುಸಿ ಓದುವ ಮಗಳಿಗೆ ಬಿದ್ರಿ ಓಲೆಗಳನ್ನು ನೋಡುವ ಆಸೆ. ಅವಳು ಮನೆಯಲ್ಲಿ ಜೇಡಿಮಣ್ಣಿನ ಓಲೆ ಮಾಡಿ, ಸುಟ್ಟು, ಬಣ್ಣ ಬಳಿದು ಗೆಳತಿಯರಿಗೆ ಮಾರುತ್ತಾಳೆ. ಅವಳ ಪುಸ್ತಕದ ಖರ್ಚು ಅದರಲ್ಲೇ ನಡೆಯುತ್ತದೆ.

1472ರಲ್ಲಿ ಪೂರ್ಣಗೊಂಡ ಆ ಮದ್ರಸದ ಒಂದು ಭಾಗ ಕುಸಿದಿದೆ. ಉಳಿದ ಮಿನಾರದಲ್ಲಿ ಬಣ್ಣದ ಹೆಂಚುಗಳು ಅಲ್ಲಲ್ಲಿ ಹೊಳೆಯುತ್ತವೆ. ಗವಾನರು ಇರಾನಿನ ಗೀಲಾನಿನವರು. ಇರಾನ್ ಮತ್ತು ಮಧ್ಯ ಏಷ್ಯಾದ ಮದ್ರಸಗಳ ಮಾದರಿಯಲ್ಲೇ ಇದನ್ನು ಕಟ್ಟಿಸಿದರು.

"ಹಾಗಾದರೆ ಇದೂ ಕಾಪಿಯೇ ಅಲ್ಲವಾ ಉಮ್ಮಾ?" ಎಂದಳು ಮಗಳು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಸಂಜೆ ಹಳೆಯ ಊರಿನ ಗಲ್ಲಿಯೊಂದರಲ್ಲಿ ಬಿದ್ರಿ ಕೆಲಸದ ಕೋಣೆಗೆ ಹೋದೆವು. ಹಿರಿಯರೊಬ್ಬರು ನೆಲದ ಮೇಲೆ ಕುಳಿತು ಓಲೆಯಷ್ಟು ಚಿಕ್ಕ ಬಿಲ್ಲೆಯಲ್ಲಿ ಉಳಿಯಿಂದ ಗೆರೆ ಕೊರೆಯುತ್ತಿದ್ದರು. ಬಿಲ್ಲೆ ಸತುವಿನದು, ಅದರಲ್ಲಿ ಸ್ವಲ್ಪ ತಾಮ್ರ. ಕೊರೆದ ಗೆರೆಯೊಳಗೆ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಬಿಲ್ಲೆಗೆ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ.

ಮಗಳು ಚೀಲದಿಂದ ಒಂದು ಜೊತೆ ಓಲೆ ತೆಗೆದಳು. ಬೆಳಿಗ್ಗೆ ದಾರಿಬದಿಯ ಅಂಗಡಿಯಲ್ಲಿ ಬಿದ್ರಿಯೆಂದು ಹೇಳಿ ಅಗ್ಗಕ್ಕೆ ಕೊಟ್ಟಿದ್ದರು. ಹಿರಿಯರು ಅದರ ಅಂಚನ್ನು ಅರದಿಂದ ಒಮ್ಮೆ ಉಜ್ಜಿದರು. ಕಪ್ಪೂ ಬೆಳ್ಳಿ ಗೆರೆಯೂ ಒಟ್ಟಿಗೇ ಎದ್ದು ಬಂದವು. ಎರಡೂ ಬರಿಯ ಬಣ್ಣ!

"ನಮ್ಮದರಲ್ಲಿ ಕಪ್ಪು ಹೋದರೂ ಬೆಳ್ಳಿ ಹೋಗುವುದಿಲ್ಲ ಬೇಟಿ, ಅದು ಒಳಗೆ ಕೂತಿರುತ್ತದೆ" ಎಂದರು.

ಮಗಳ ಮುಖ ಸಣ್ಣದಾಯಿತು. ಅಷ್ಟು ಹೊತ್ತೂ ಅವಳು ಅಲ್ಲಿಯ ಓಲೆಗಳ ಫೋಟೋ ತೆಗೆಯುತ್ತಲೇ ಇದ್ದಳು. ಊರಿಗೆ ಹೋಗಿ ಮಣ್ಣಿನಲ್ಲಿ ಅಂಥವನ್ನೇ ಮಾಡಿ ಮಾರುವ ಯೋಚನೆ ಅವಳದು. ಅದನ್ನು ತಾನಾಗಿಯೇ ಹೇಳಿಬಿಟ್ಟಳು. ನನಗೆ ನಾಚಿಕೆಯಾಯಿತು. ಹಿರಿಯರು ಮಾತ್ರ ನಕ್ಕರು.

"ಈ ಗಸಗಸೆ ಹೂ, ಈ ಅಶ್ರಫಿ ಬೂಟಿ ನಮ್ಮ ಅಜ್ಜಂದಿರ ಕಾಲದವು. ನಾನೂ ಅಬ್ಬಾ ಹಾಕಿದ ಗೆರೆಯ ಮೇಲೇ ಗೆರೆ ಹಾಕಿ ಕಲಿತವನು. ಧಾರಾಳವಾಗಿ ಮಾಡು. ಆದರೆ ಬಿದ್ರಿ ಅಂತ ಹೇಳಿ ಮಾರಬೇಡ." ಬಳಿಕ ಎರಡು ಎಲೆಗಳು ಅರ್ಧಚಂದ್ರದಂತೆ ಬಾಗಿದ್ದ ಒಂದು ಓಲೆಯನ್ನು ತೋರಿಸಿ, "ಇದನ್ನು ಮಾತ್ರ ಬಿಟ್ಟುಬಿಡು. ಹೋದ ರಮಝಾನಿನಲ್ಲಿ ನಾನೇ ಬರೆದದ್ದು. ಇನ್ನೂ ನಾಲ್ಕು ಜೊತೆಯೂ ಮಾರಾಟವಾಗಿಲ್ಲ" ಎಂದರು.

ಮಗಳು ಅವರೆದುರೇ ಆ ಫೋಟೋ ಅಳಿಸಿದಳು.

ಬೆಳಗಿನ ಪ್ರಶ್ನೆಗೆ ನನಗಲ್ಲಿ ಉತ್ತರ ಸಿಕ್ಕಿತು. ನೋಡಿ ಕಲಿಯದೆ ಯಾವ ಕಲೆಯೂ ಬರುವುದಿಲ್ಲ. ಗವಾನರು ದೂರದ ಮಾದರಿಯನ್ನು ತಂದರು, ಆದರೆ ಅದನ್ನು ಮರೆಮಾಚಿ ಯಾರನ್ನೂ ವಂಚಿಸಲಿಲ್ಲ. ಬಿದ್ರಿಗೆ 2006ರಲ್ಲಿ ಸಿಕ್ಕಿದ ಭೌಗೋಳಿಕ ಸೂಚಕ ಮಾನ್ಯತೆಯೂ ಕಾಯುವುದು ಹೆಸರನ್ನು, ಹೂವನ್ನಲ್ಲ. ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಅಡಿಯಲ್ಲಿ ಅಡಗಿದ್ದ ಒದ್ದೆಯನ್ನು ತೋರಿಸಿ ವ್ಯಾಪಾರಿಯನ್ನು ಎಚ್ಚರಿಸಿದ ಪ್ರವಾದಿ(ಸ)ರ ಘಟನೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದು ಓಲೆಗೂ ಸಲ್ಲುತ್ತದೆಂದು ಆ ದಿನ ತಿಳಿಯಿತು. ಇನ್ನು ಒಬ್ಬರು ತಲೆಕೆಡಿಸಿಕೊಂಡು ಹೊಸದಾಗಿ ಬರೆದದ್ದು ಅವರ ಅನ್ನ. ಅದಕ್ಕೆ ಕೈ ಹಾಕಬಾರದು.

ಅಗ್ಗಕ್ಕೆ ಸಿಕ್ಕಿತೆಂದು ಆ ಬಣ್ಣದ ಓಲೆಗೆ ಹಣ ಕೊಟ್ಟವಳು ನಾನೇ. ನಮ್ಮಂಥ ಗಿರಾಕಿಗಳಿರುವವರೆಗೆ ಆ ಹಿರಿಯರ ನಾಲ್ಕು ಜೊತೆ ಹಾಗೆಯೇ ಉಳಿಯುತ್ತವೆ. ಅವುಗಳಲ್ಲಿ ಒಂದನ್ನು ಕೊಂಡೇ ಹೊರಟೆವು.

ಊರಿಗೆ ಬಂದ ಮೇಲೆ ಮಗಳು ಅಂಗಳದ ಅಡಿಕೆ ಮರವನ್ನು ಬಹಳ ಹೊತ್ತು ನೋಡಿದಳು. ಈಗ ಮಣ್ಣಿನಲ್ಲಿ ಹಿಂಗಾರದ ಎಸಳು ಮಾಡುತ್ತಿದ್ದಾಳೆ. ಮೊದಲನೆಯ ಜೊತೆ ಸ್ವಲ್ಪ ಸೊಟ್ಟಗಾಗಿದೆ, ಮಾರಲು ಬರುವುದಿಲ್ಲ. ಅದನ್ನು ನಾನು ಹಾಕಿಕೊಂಡಿದ್ದೇನೆ.