ಅತ್ತಿಯ ಹೊಸ ಮನಿ

ನಮ್ಮ ಸೋದರತ್ತಿ ಸೋಲಾಪುರದ ಒಂದು ಝೋಪಡಪಟ್ಟಿಯಲ್ಲಿದ್ದು ಬೀಡಿ ಕಟ್ಟುತ್ತಿದ್ದಳು. ತಗಡಿನ ಮನೆ. ಮಳೆ ಬಂದರೆ ಗಟಾರದ ನೀರು ಒಲೆಯವರೆಗೆ ಬರುತ್ತಿತ್ತು. ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ ಗೋದೂತಾಯಿ ಪರುಳೇಕರ ಹೆಸರಿನ ವಸಾಹತು ಆಗುತ್ತದೆಂದು ತಿಳಿದಾಗ, "ಅತ್ತೀ, ಹೆಸರು ಹಚ್ಚು, ಸ್ವಂತ ಮನಿ ಆಗತೈತಿ" ಎಂದು ಬೆನ್ನು ಹತ್ತಿದವನು ನಾನೇ.

10,000 ಮನೆಗಳ ಆ ವಸಾಹತನ್ನು 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಉದ್ಘಾಟಿಸಿದರು. ಅತ್ತಿಗೆ ಗಟ್ಟಿ ಗೋಡೆ ಸಿಕ್ಕಿತು, ಅವಳದೇ ಹೆಸರಿನ ಕಾಗದವೂ ಸಿಕ್ಕಿತು.

ಆದರೆ ಬೀಡಿ ಕಟ್ಟುವವಳಿಗೆ ಮನೆಯೇ ಕೆಲಸದ ಜಾಗ ಎಂಬುದು ನನಗೆ ಹೊಳೆದಿರಲಿಲ್ಲ. ಕಾರಖಾನೆಯಿಂದ ಎಲೆ, ತಂಬಾಕು, ದಾರ ತಂದು, ಮನೆಯಲ್ಲಿ ಕಟ್ಟಿ, ಮರುದಿನ ಎಣಿಸಿ ಕೊಡಬೇಕು. ಮೊದಲು ಕಾರಖಾನೆ ಓಣಿಯ ತುದಿಗೇ ಇತ್ತು. ಈಗ ಬಸ್ಸು ಕಾಯಬೇಕು. ದಿನಕ್ಕೆ 1,000 ಆಗುತ್ತಿದ್ದ ಬೀಡಿ 600ಕ್ಕೆ ಇಳಿಯಿತು. ಅದರಲ್ಲೇ ಬಸ್ಸಿನ ದುಡ್ಡೂ ಹೋಗಬೇಕು. ಆರನೆಯ ಇಯತ್ತೆಯ ಮೊಮ್ಮಗಳು ಶಾಲೆ ಬಿಟ್ಟು ಎಲೆ ಕತ್ತರಿಸಲು ಕೂತಳು.

"ಮನಿ ಏನೋ ಕೊಟ್ಟಾರ ತಮ್ಮಾ, ಒಲಿ ಹಚ್ಚೂದು ಹ್ಯಾಂಗ?" ಎಂದಳು ಅತ್ತಿ. ನನ್ನ ಬಾಯಿ ಕಟ್ಟಿತು.

ಹೆಂಗಸರೇ ಕೂಡಿ ಬೆನ್ನು ಹತ್ತಿದ ಮೇಲೆ ಎಲೆ ಕೊಡುವ ಶಾಖೆ ಹತ್ತಿರಕ್ಕೆ ಬಂತು. ಮೊಮ್ಮಗಳು ಮತ್ತೆ ಶಾಲೆಗೆ ಹೋದಳು. ಅಷ್ಟರಲ್ಲಿ ಅವಳ ಗೆಳತಿಯರು ಒಂದು ಇಯತ್ತೆ ಮುಂದೆ ಹೋಗಿದ್ದರು.

ಅತ್ತಿಯಾದರೂ ತಾನಾಗಿ ಹೋದವಳು. ಮುಂಬಯಿಯಲ್ಲಿ ತಾನಸಾ ನೀರಿನ ಕೊಳವೆಯ ಬದಿಯ ಮನೆಗಳನ್ನು ಕೆಡವಿ, ಜನರನ್ನು ಮಾಹುಲದಲ್ಲಿ ಎಣ್ಣೆ ಶುದ್ಧೀಕರಣದ ಕಾರಖಾನೆಗಳ ಪಕ್ಕ ಒಯ್ದು ಇಟ್ಟರು. ಆ ಗಾಳಿಯಲ್ಲಿ ಇರಲಾರೆವೆಂದು ಜನ ಕೋರ್ಟಿಗೆ ಹೋದರು. ಅವರು ಬೇರೆ ಕಡೆ ಇರಲು ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಬೇಕೆಂದು 2019ರಲ್ಲಿ ಹೈಕೋರ್ಟು ಹೇಳಿತು. ಕಟ್ಟಿದ ಮನೆಯಿದ್ದೂ ಬಾಡಿಗೆ ಮನೆ ಹುಡುಕುವ ಗತಿ.

2024ರ ಜನವರಿಯಲ್ಲಿ ಅದೇ ಕುಂಭಾರಿಯ ರಾಯನಗರದಲ್ಲಿ 15,000 ಮನೆಗಳನ್ನು ಕಾರ್ಮಿಕರಿಗೆ ಕೊಟ್ಟರು. ನಮ್ಮೂರಿನಿಂದ ಸೋಲಾಪುರಕ್ಕೆ ಹೋಗಿ ನೆಲೆಸಿದ ಒಬ್ಬ ಹೆಣ್ಣುಮಗಳು ಹಬ್ಬಕ್ಕೆ ಬಂದಾಗ, "ನನಗೂ ಅಲ್ಲಿ ಮನಿ ಬಂದೈತಿ, ಹೋಗಲೇನ್ರಿ?" ಎಂದು ಕೇಳಿದಳು. ಈ ಸಲ ನಾನು ಗೋಡೆಯ ಮಾತು ಎತ್ತಲಿಲ್ಲ.

"ಕೆಲಸ ಎಷ್ಟು ದೂರ ಆಗತೈತಿ, ಬಸ್ ಎಷ್ಟೊತ್ತಿಗೆ ಐತಿ, ಹುಡುಗರ ಶಾಲಿ ಎಲ್ಲೈತಿ, ಮೊದಲ ಕೇಳಿ ಬಾ ತಂಗೆವ್ವ" ಎಂದೆ.