ತಾರಸಿ ನೀರು ಎಲ್ಲಿಗೆ?

ಬೆಂಗಳೂರಿನಲ್ಲಿ ಜೋರು ಮಳೆ ಬಂದಾಗ ಮ್ಯಾನ್‌ಹೋಲ್ ಮುಚ್ಚಳ ಎತ್ತಿಕೊಂಡು ಕೊಳಚೆ ಉಕ್ಕುತ್ತದಲ್ಲ, ಅದರಲ್ಲಿ ನಮ್ಮ ತಾರಸಿಗಳ ಪಾಲೂ ಇದೆ. ಜಲಮಂಡಳಿಯ ನಿಯಮ ಸ್ಪಷ್ಟ: ಯುಜಿಡಿಗೆ, ಅಂದರೆ ಒಳಚರಂಡಿಗೆ, ಕಕ್ಕಸು, ಬಚ್ಚಲು, ಅಡುಗೆಮನೆಯ ನೀರು ಸೇರಬೇಕು, ಮಳೆನೀರು ಸೇರಕೂಡದು. ಅದರ ದಾರಿ ಬೇರೆ. ರಸ್ತೆಬದಿ ಮೋರಿ, ಅಲ್ಲಿಂದ ರಾಜಕಾಲುವೆ. ಲಂಡನ್ನಿನ ಹಳೆಯ ಭಾಗಗಳಲ್ಲಿ ಎರಡೂ ಒಂದೇ ಕೊಳವೆಯಲ್ಲಿ ಹೋಗುತ್ತವೆ. ನಮ್ಮದು ಆ ಲೆಕ್ಕದಲ್ಲಿ ಹಾಕಿದ ಪೈಪಲ್ಲ. ಅದಕ್ಕೆ ಇಡೀ ಬೀದಿಯ ತಾರಸಿ ನೀರು ಬಿಟ್ಟರೆ ತಗ್ಗಿನ ಮನೆಯವರ ಬಚ್ಚಲಲ್ಲಿ ಮೇಲೇಳುತ್ತದೆ.

ಮನೆ ಕಟ್ಟುವಾಗ ಪ್ಲಂಬರ್ ಕೇಳುತ್ತಾನೆ, "ಸಾರ್, ಇಲ್ಲೇ ಯುಜಿಡಿ ಚೇಂಬರ್ ಇದೆ, ತಾರಸಿ ಪೈಪ್ ಜಾಯಿನ್ ಮಾಡಿಬಿಡ್ಲಾ?" ನಾವು ಹೂಂ ಅನ್ನುತ್ತೇವೆ. ಮಣ್ಣು ಮುಚ್ಚಿದಮೇಲೆ ಯಾರು ನೋಡುತ್ತಾರೆ!

ತಮಾಷೆಯೆಂದರೆ, 2009ರಿಂದ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಸಂಪಿಗೋ ಇಂಗುಗುಂಡಿಗೋ ಇಳಿಯಬೇಕಾದ ಒಳ್ಳೇ ನೀರನ್ನು ಹೇಲಿನ ಜತೆ ಕಳಿಸಿ, ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡುತ್ತೇವೆ.

ಹಳೇ ಮನೆ ಕೊಳ್ಳುವವರು ಖಾತೆ, ಇ.ಸಿ. (ಋಣಭಾರ ಪತ್ರ) ನೋಡುವುದರ ಜತೆಗೆ ತಾರಸಿಯಲ್ಲಿ ನಾಲ್ಕು ಬಕೆಟ್ ನೀರು ಸುರಿಸಿ, ಕೆಳಗೆ ಚೇಂಬರ್ ಮುಚ್ಚಳ ತೆಗೆಸಿ, ಆ ನೀರು ಅಲ್ಲಿಗೆ ಬರುತ್ತದೆಯೇ ನೋಡಿ.