ದಾಲಿಯ ಇಳಿಜಾರಿನಲ್ಲಿ ಒಂದು ಬೆಳಗು

ಗಡಿಯಾರದಲ್ಲಿ ಏಳು ಗಂಟೆ. ಆಕಾಶ ಅದನ್ನು ಇನ್ನೂ ಒಪ್ಪಿಕೊಂಡಿಲ್ಲ. ಚೀನಾದಲ್ಲಿ ಇಡೀ ದೇಶಕ್ಕೆ ಬೀಜಿಂಗಿನದೇ ಸಮಯ. ನೈಋತ್ಯ ಮೂಲೆಯ ಈ ಯುನ್ನಾನ್ ಪ್ರಾಂತ್ಯದಲ್ಲಿ ಮಾರ್ಚ್ ತಿಂಗಳ ಸೂರ್ಯ ಏಳೂವರೆಯಾಗದೆ ಮುಖ ತೋರಿಸುವುದಿಲ್ಲ. ನೀವು ನಿಂತಿರುವುದು ದಾಲಿ ಹಳೆಯೂರಿನ ಪಡುವಣ ಬಾಗಿಲಿಗಿಂತ ತುಸು ಮೇಲೆ, ತ್ಸಾಂಗ್‌ಷಾನ್ ಬೆಟ್ಟಸಾಲಿನ ಬುಡದಲ್ಲಿ, ಕಡಲಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ. ಉಸಿರು ಬಿಟ್ಟರೆ ಹೊಗೆ. ಮೊದಲ ಬಿಸಿಲು ನಿಮಗೆ ಸಿಗುವುದಿಲ್ಲ. ಹಿಂದಿರುಗಿ ನೋಡಿ, ಅದು ಶಿಖರಗಳ ನೆತ್ತಿಗೆ ಹತ್ತಿದೆ. ಎಲ್ಲಕ್ಕಿಂತ ಎತ್ತರದ ಮಾಲೋಂಗ್ 4,122 ಮೀಟರ್. ಅಲ್ಲಿ ಕರಗದೆ ಉಳಿದ ಹಿಮ ನಸುಗೆಂಪಾಗಿ, ನೋಡುತ್ತಿದ್ದಂತೆಯೇ ಬಿಳುಪಾಗುತ್ತದೆ.

ಕೆಳಗೆ, ಮೂಡಲಿಗೆ, ಬೂದು ಹೆಂಚಿನ ಮಾಡುಗಳು. ಅವುಗಳಾಚೆ ಗದ್ದೆ. ಗದ್ದೆಯಾಚೆ ಅರ್‌ಹಾಯ್ ಸರೋವರ, ಸುಮಾರು 250 ಚದರ ಕಿಲೋಮೀಟರ್ ನೀರು, ಇನ್ನೂ ಸೀಸದ ಬಣ್ಣದಲ್ಲಿದೆ. ಬೆಟ್ಟಕ್ಕೂ ನೀರಿಗೂ ನಡುವೆ ಉಳಿದದ್ದು ಕೆಲವೇ ಕಿಲೋಮೀಟರ್ ಅಗಲದ ಓರೆ ನೆಲ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಇಕ್ಕಟ್ಟಾದ ಕಣಿವೆಬಾಯಿ. ಎರಡನ್ನೂ ಮುಚ್ಚಿದರೆ ಊರು ಭದ್ರ. ಈ ಜಾಗವನ್ನು ಆರಿಸಿದವರಿಗೆ ಯುದ್ಧವೂ ಗೊತ್ತಿತ್ತು, ಬೇಸಾಯವೂ ಗೊತ್ತಿತ್ತು. ಎಂಟನೆಯ ಶತಮಾನದಲ್ಲಿ ನಾನ್‌ಝಾವ್ ರಾಜ್ಯ ಇಲ್ಲಿಂದಲೇ ತಾಂಗ್ ಸಾಮ್ರಾಜ್ಯಕ್ಕೆ ಸಡ್ಡು ಹೊಡೆಯಿತು. 937ರಲ್ಲಿ ದುವಾನ್ ಸಿಪಿಂಗ್ ಕಟ್ಟಿದ ದಾಲಿ ರಾಜ್ಯ ಮುನ್ನೂರು ವರ್ಷ ದಾಟಿ ಬಾಳಿತು. 1253ರಲ್ಲಿ ಕುಬ್ಲಾಯ್ ಖಾನನ ಮಂಗೋಲರು ಬಂದರು. ಆ ಗೆಲುವನ್ನು ಸಾರುವ 1304ರ ಶಾಸನದ ಕಲ್ಲು ಇಲ್ಲೇ, ಬೆಟ್ಟದ ಬುಡದಲ್ಲಿ ನಿಂತಿದೆ. ವರ್ಷಕ್ಕೊಮ್ಮೆ, ಚಾಂದ್ರಮಾನದ ಮೂರನೆಯ ತಿಂಗಳಲ್ಲಿ, ಅದರ ಸುತ್ತಮುತ್ತ ಜಾತ್ರೆ ಸೇರುತ್ತದೆ: ಗಿಡಮೂಲಿಕೆ, ಕುದುರೆ ಪಂದ್ಯ, ಜನವೋ ಜನ. ಈವತ್ತು ಯಾರೂ ಇಲ್ಲ.

ನೀರಿನ ಸದ್ದು ಕೇಳಿಸುತ್ತಿದೆಯೆ? ಹತ್ತೊಂಬತ್ತು ಶಿಖರಗಳ ನಡುವಿನ ಹದಿನೆಂಟು ತೊರೆಗಳೂ ಹೀಗೆ ಮೂಡಲಿಗೆ ಧುಮುಕಿ ಸರೋವರ ಸೇರುತ್ತವೆ. ದಾಲಿಯನ್ನು ನೋಡಲು ನಕಾಶೆ ಬೇಡ. ನೀರಿನ ಜೊತೆ ಇಳಿಯಿರಿ, ಸಾಕು.

ಬಾಗಿಲು ದಾಟಿ ಒಳಗೆ ಬಂದರೆ ಹೋಂಗ್‌ಲೋಂಗ್‌ಜಿಂಗ್ ಬೀದಿ. ಬೀದಿಯ ನಡುವೆಯೇ ಮೆಟ್ಟಿಲು ಮೆಟ್ಟಿಲಾಗಿ ನೀರು ಹಾರುತ್ತಾ ಹೋಗುತ್ತದೆ. ಒದ್ದೆ ಕಲ್ಲು, ಜೋಪಾನ. ಎಡಕ್ಕೊಂದು ಮನೆಯ ಬಾಗಿಲು ತೆರೆದಿದೆ, ಇಣುಕಿ ನೋಡಿ. ಅಂಗಳದ ಮೂರು ಬದಿಗೆ ಕಟ್ಟಡ, ನಾಲ್ಕನೆಯ ಬದಿಗೆ ಬರೀ ಒಂದು ಬಿಳಿ ಗೋಡೆ. ಇಲ್ಲಿನ ಬಾಯ್ ಜನರ ಮನೆ ಬೆಟ್ಟಕ್ಕೆ ಬೆನ್ನು ಹಾಕಿ ಮೂಡಲಿಗೆ ತಿರುಗಿರುತ್ತದೆ. ಮಧ್ಯಾಹ್ನದ ಮೇಲೆ ಸೂರ್ಯ ಮನೆಯ ಹಿಂದೆ ಸರಿದಾಗ ಎದುರಿನ ಆ ಬಿಳಿ ಗೋಡೆ ಬಿಸಿಲನ್ನು ತಿರುಗಿಸಿ ನಡುಮನೆಗೆ ಕಳಿಸುತ್ತದೆ. ದೀಪದ ಖರ್ಚಿಲ್ಲದ ಜಾಣತನ. ಮೇಲೆ ಶಾಯಿಯಲ್ಲಿ ಬರೆದ ಹೂ, ಹಕ್ಕಿ, ನಾಲ್ಕು ದೊಡ್ಡ ಅಕ್ಷರ.

ಫುಷಿಂಗ್ ರಸ್ತೆಯನ್ನು ಬೇಗ ದಾಟಿಬಿಡೋಣ. ಗುಲಾಬಿ ಎಸಳು ತುಂಬಿದ ಬಿಸ್ಕತ್ತು, ಬೆಳ್ಳಿ ಬಳೆ, ಬಾಡಿಗೆಗೆ ಸಿಗುವ ‘ಜನಪದ’ ಉಡುಪು. ಇನ್ನೊಂದು ಗಂಟೆಗೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. 1382ರಲ್ಲಿ ಮಿಂಗ್ ಆಡಳಿತ ಹಾಕಿದ ಚೌಕಾಕಾರದ ಊರಿದು. ಬೀದಿಗಳ ಗೆರೆ ಹಳೆಯದು, ಕಟ್ಟಡಗಳಲ್ಲಿ ಹೆಚ್ಚಿನವು ಹೊಸವು. 1925ರ ಭೂಕಂಪ ಊರನ್ನು ಮಲಗಿಸಿತ್ತು. ಹಳತೆಂದು ಹೇಳಿ ಮಾರುವವರು ಇದನ್ನು ಹೇಳುವುದಿಲ್ಲ. ಆದರೆ ವಸ್ತುಸಂಗ್ರಹಾಲಯದ ಮುಂದೆ ಒಂದು ಕ್ಷಣ ನಿಲ್ಲಿ. ಚಿಂಗ್ ಸಾಮ್ರಾಜ್ಯದ ವಿರುದ್ಧ 1856ರಲ್ಲಿ ಬಂಡೆದ್ದ ಮುಸ್ಲಿಂ ನಾಯಕ ದು ವೆನ್‌ಷಿಯು ಇದೇ ಆವರಣದಿಂದ ಹದಿನಾರು ವರ್ಷ ಆಳಿದ. 1872ರ ಕೊನೆಗೆ ಊರು ಬಿದ್ದಾಗ ನಡೆದ ಕೊಲೆಗಳಿಗೆ ಈ ಬೀದಿಗಳೇ ಸಾಕ್ಷಿ.

ರೆನ್‌ಮಿನ್ ರಸ್ತೆಯ ಇಳಿಜಾರಿಗೆ ಬಂದಿರಿ. ಇದ್ದಿಲ ಒಲೆಯ ಮುಂದೆ ಕುಳಿತ ಹೆಂಗಸು ಬಿದಿರುಕಡ್ಡಿಗೆ ಸುತ್ತಿದ ಹಳದಿ ಹಾಳೆಯೊಂದನ್ನು ಸುಡುತ್ತಿದ್ದಾಳೆ. ಹಪ್ಪಳದಂತೆ ಅಲ್ಲಲ್ಲಿ ಉಬ್ಬುತ್ತದೆ. ಅದು ರುಷಾನ್. ಬಿಸಿ ಹುಳಿನೀರಿಗೆ ಹಸುವಿನ ಹಾಲು ಸುರಿದು ಒಡೆಸಿ, ಗಟ್ಟಿಯಾದದ್ದನ್ನು ಕೈಯಲ್ಲೇ ಹಿಸುಕಿ, ಎಳೆದು, ಬಿದಿರಿನ ಚೌಕಟ್ಟಿಗೆ ಸುತ್ತಿ ಒಣಗಿಸುತ್ತಾರೆ. ಹಾಲಿನ ಗಿಣ್ಣು ಚೀನಾದ ಅಡುಗೆಮನೆಗಳಲ್ಲಿ ಅಪರೂಪ. ದಾಲಿಯಲ್ಲಿ ಅದು ಬೀದಿತಿಂಡಿ. ಆಕೆ ಗುಲಾಬಿ ಸಕ್ಕರೆಪಾಕ ಸವರಿ ಸುರುಳಿ ಸುತ್ತಿ ಕೈಗೆ ಕೊಡುತ್ತಾಳೆ. ಮೊದಲ ಕಡಿತಕ್ಕೆ ಹೊಗೆ, ಆಮೇಲೆ ಹುಳಿ, ಕೊನೆಗೆ ಸಿಹಿ. ಪಾಕವಿಲ್ಲದೆ ತಿಂದರೆ ಇನ್ನೂ ಚೆನ್ನ ಎಂದು ನನ್ನ ವಾದ.

ಊರ ಮೂಡಣ ಬಾಗಿಲು ದಾಟಿದ ಮೇಲೆ ಎಡಕ್ಕೆ ಹಿಂದಿರುಗಿ ದೂರಕ್ಕೆ ನೋಡಿ. ಮೂರು ಬಿಳಿ ಗೋಪುರಗಳು. ನಡುವಿನದು ಒಂಬತ್ತನೆಯ ಶತಮಾನದ ಚಿಯೆನ್‌ಷುನ್, 69 ಮೀಟರ್, ಹದಿನಾರು ಅಂತಸ್ತು. ಚೀನಾದ ಗೋಪುರಗಳಿಗೆ ಸಾಮಾನ್ಯವಾಗಿ ಬೆಸಸಂಖ್ಯೆಯ ಅಂತಸ್ತು. ಇಲ್ಲಿ ಮೂರೂ ಸಮಸಂಖ್ಯೆ. 1925ರ ಕಂಪನಕ್ಕೆ ಬಿದ್ದದ್ದು ತುದಿಯ ಕಳಶ ಮಾತ್ರ. 1978ರಲ್ಲಿ ದುರಸ್ತಿಗೆ ಹತ್ತಿದವರಿಗೆ ಒಳಗೆ ಚಿನ್ನದ ಅವಲೋಕಿತೇಶ್ವರ ಸಿಕ್ಕಿತು: ನೀಳ ದೇಹ, ಬರಿ ಎದೆ, ಸೊಂಟದಿಂದ ಕೆಳಗೆ ಧೋತರ. ಆ ನಿಲುವಿನಲ್ಲಿ ಬೀಜಿಂಗ್ ಕಾಣುವುದಿಲ್ಲ, ಬಂಗಾಳ ಕೊಲ್ಲಿಯ ಗಾಳಿ ಕಾಣುತ್ತದೆ. ಅದೇ ದಾರಿಯಲ್ಲಿ ಕವಡೆಯೂ ಬಂತು. ಭಾರತದ ಕಡೆಯಿಂದ ಬರುತ್ತಿದ್ದ ಕವಡೆ ಯುನ್ನಾನಿನ ಸಂತೆಗಳಲ್ಲಿ 17ನೆಯ ಶತಮಾನದವರೆಗೂ ದುಡ್ಡಾಗಿ ಓಡಿತು. ಮಾರ್ಕೊ ಪೋಲೊ ಕೂಡ ಇದನ್ನು ದಾಖಲಿಸಿದ್ದಾನೆ.

ಈಗ ಗದ್ದೆಬದು. ಅವರೆಯ ಜಾತಿಯ ದಪ್ಪ ಕಾಳಿನ ಗಿಡ ಹೂ ಬಿಟ್ಟಿದೆ. ಹಳ್ಳಿಯ ಅಂಚಿಗೊಂದು ಗುಡಿ, ಊದುಬತ್ತಿ, ಬಣ್ಣ ಬಳಿದ ಮೂರ್ತಿ. ಬಾಯ್ ಹಳ್ಳಿಗಳಿಗೆ ತಮ್ಮದೇ ಊರದೇವರಿದ್ದಾರೆ, ಬೆನ್‌ಝು ಎನ್ನುತ್ತಾರೆ. ದೇವರಾಗಲು ಗೆದ್ದಿರಬೇಕೆಂದೇನೂ ಇಲ್ಲ. 754ರಲ್ಲಿ ದಂಡೆತ್ತಿ ಬಂದು ಸೈನ್ಯದ ಸಮೇತ ಮಣ್ಣಾದ ತಾಂಗ್ ಸೇನಾಪತಿ ಲಿ ಮಿ ಇಲ್ಲಿಗೆ ದಕ್ಷಿಣದ ಷಿಯಾಗುವಾನಿನ ಗುಡಿಯಲ್ಲಿ ಪೂಜೆಗೊಳ್ಳುತ್ತಾನೆ. ಕೊಂದವರ ಮಕ್ಕಳುಮರಿಗಳೇ ಹರಕೆ ಹೊರುತ್ತಾರೆ.

ಈ ಹೊಲಗಳಲ್ಲಿ ಒಂದು ಬೆಳೆ ಇಲ್ಲ: ಬೆಳ್ಳುಳ್ಳಿ. ಒಂದು ಕಾಲಕ್ಕೆ ಕೈತುಂಬ ಕಾಸು ಕೊಟ್ಟದ್ದು ಅದೇ. ಅದು ಬೇಡುವ ಗೊಬ್ಬರ ಮಳೆಯೊಡನೆ ಇಳಿದು ಸರೋವರಕ್ಕೆ ಸೇರುತ್ತಿತ್ತು. ಜೊತೆಗೆ ಊರಿನ ಕೊಳಚೆ. 1996ರಲ್ಲಿ, ಮತ್ತೆ 2003ರಲ್ಲಿ ನೀರು ಪಾಚಿಗಟ್ಟಿ ಹಸಿರಾಯಿತು. 2017ರಲ್ಲಿ ದಂಡೆಯ ಸಾವಿರಕ್ಕೂ ಹೆಚ್ಚು ವಸತಿಗೃಹ, ಹೋಟೆಲುಗಳಿಗೆ ತಾತ್ಕಾಲಿಕವಾಗಿ ಬೀಗ ಬಿತ್ತು; ಮರುವರ್ಷ ಬೆಳ್ಳುಳ್ಳಿಯ ಸರದಿ. ಕಟುವಾದ ಕ್ರಮ, ರೈತನ ಹೊಟ್ಟೆಯ ಮೇಲೂ ಬಿದ್ದ ಹೊಡೆತ. ಆದರೆ ಇಳಿಜಾರಿನ ಊರಿನಲ್ಲಿ ಮೇಲಿನವನು ಚೆಲ್ಲಿದ್ದು ಕೆಳಗಿನವನ ಕೊಡಕ್ಕೇ ಬರುತ್ತದೆ. ಬೇರೆ ದಾರಿ ನನಗೂ ತೋಚುವುದಿಲ್ಲ.

ತ್ಸಾಯ್‌ತ್ಸುನ್ ಹಳ್ಳಿಯ ದಡ. ಸೈಕಲ್ ಗಂಟೆಗಳು, ಬಿಳಿ ಗೌನಿನ ಮದುಮಗಳು, ಅವಳ ಹಿಂದೆ ಬೆಳ್ಳಿಬಣ್ಣದ ಹಲಗೆ ಹಿಡಿದು ಓಡುವ ಫೋಟೋದ ಹುಡುಗರು. ನೀರು ಈಗ ನೀಲಿ. ಹಸಿವಾಗಿರಬೇಕು, ಚಿಕ್ಕ ಹೋಟೆಲಿನ ಬೆಂಚಿಗೆ ಕೂರಿ. ಹಾಯ್‌ತ್ಸಾಯ್ ಸಾರು ಬರುತ್ತದೆ: ನೀರೊಳಗೆ ಬೆಳೆಯುವ ಬಿಳಿಹೂವಿನ ಗಿಡದ ಉದ್ದ ದಂಟು, ಕೆಸುವಿನ ಗೆಡ್ಡೆ; ಜಾರಿಕೊಂಡು ಗಂಟಲಿಗಿಳಿಯುವ ತೆಳು ಸಾರು. ನೀರು ತಿಳಿಯಾಗಿದ್ದರೆ ಮಾತ್ರ ಈ ಗಿಡ ಬದುಕುತ್ತದೆ. ಅರ್‌ಹಾಯ್ ಕೆಟ್ಟಾಗ ಇಲ್ಲಿಂದ ಮರೆಯಾಗಿತ್ತು, ಈಗ ಮತ್ತೆ ನೆಟ್ಟು ಬೆಳೆಸುತ್ತಿದ್ದಾರೆ. ಮಾರುಕಟ್ಟೆಗೆ ಬರುವುದಂತೂ ಉತ್ತರದ ಅರ್‌ಯುವಾನಿನ ಗದ್ದೆಗಳದ್ದು. ಬಿಸಿಯಿರುವಾಗಲೇ ಮುಗಿಸಿ; ಹಳೆಯೂರಿಗೆ ಮರಳುವ ದಾರಿ ಪೂರ್ತಿ ಏರು.